ಪರಿಸರ ವಿಜ್ಞಾನದ ಪದವಿ ಮತ್ತು ಗುಜರಿ ಅಂಗಡಿಯ ಮಗಳು

ಜೂನ್ 5 ಬಂತೆಂದರೆ ಉತ್ತರ ಬೆಂಗಳೂರಿನ ಕಾಲೇಜುಗಳ ಅಂಗಳದಲ್ಲಿ ಗುಂಡಿ ತೋಡುವ ಸಂಭ್ರಮ. ಬಹುತೇಕ ಕಡೆ ಅದು ಹಿಂದಿನ ವರ್ಷದ ಗುಂಡಿಯೇ ಆಗಿರುವುದರಿಂದ ತೋಡುವ ಶ್ರಮವೂ ಅಷ್ಟಾಗಿ ಇರುವುದಿಲ್ಲ. ಅತಿಥಿಗಳು ಬರುತ್ತಾರೆ, ಸಸಿಗೆ ಕೈ ತಾಗಿಸುತ್ತಾರೆ, ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ, ಪ್ಲಾಸ್ಟಿಕ್ ಬಾಟಲಿಯ ನೀರು ಕುಡಿದು ಪ್ಲಾಸ್ಟಿಕ್ ನಿರ್ಮೂಲನೆಯ ಕುರಿತು ಭಾಷಣ ಮಾಡಿ ಹೊರಡುತ್ತಾರೆ. ಮರುದಿನ ಸಸಿಗೆ ನೀರೆರೆಯುವವರು ಯಾರು ಎಂಬ ಪ್ರಶ್ನೆ ಆ ಸಭೆಯಲ್ಲಿ ಉದ್ಭವಿಸುವುದಿಲ್ಲ. ಅದೇ ದಿನಗಳಲ್ಲಿ, ಅದೇ ಅಂಗಳದ ಇನ್ನೊಂದು ತುದಿಯಲ್ಲಿ, ಪ್ರವೇಶಾತಿಯ ಕಿಟಕಿಯ ಮುಂದೆ ಹೆತ್ತವರು ಮಕ್ಕಳ ಅಂಕಪಟ್ಟಿ ಹಿಡಿದು ಸಾಲು ನಿಂತಿರುತ್ತಾರೆ.

ಅಂತಹ ಒಂದು ಸಾಲಿನಿಂದ ಎದ್ದು ನಮ್ಮ ಬಳಿಗೆ ಬಂದ ತಂದೆಯೊಬ್ಬರ ಪ್ರಶ್ನೆಯೇ ಈ ಬರಹಕ್ಕೆ ಕಾರಣ. ಆರ್.ಟಿ. ನಗರದ ಆಸುಪಾಸಿನಲ್ಲಿ ಅವರದೊಂದು ಸಣ್ಣ ಗುಜರಿ ಅಂಗಡಿ. ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದ ಮಗಳಿಗೆ ಪರಿಸರ ವಿಜ್ಞಾನ ಓದುವ ಆಸೆ. "ಸರ್, ಇದನ್ನು ಓದಿದರೆ ಕೆಲಸ ಸಿಗುತ್ತಾ? ಕಾಲೇಜಿನವರು ತುಂಬಾ ಸ್ಕೋಪ್ ಇದೆ ಅಂತಾರೆ. ನಮ್ಮ ಮನೆಯವರು, ಗಿಡ ನೆಡೋದಕ್ಕೆ ಡಿಗ್ರಿ ಯಾಕೆ ಅಂತಾರೆ. ನಾನು ಯಾರನ್ನು ನಂಬಲಿ?" ಎಂದು ಅವರು ಕೇಳಿದರು.

ಇಬ್ಬರನ್ನೂ ನಂಬಬೇಡಿ ಎಂದೆವು. ಮನೆಯವರದು ಅಜ್ಞಾನ, ಅದನ್ನು ಕ್ಷಮಿಸಬಹುದು. ಕಾಲೇಜಿನವರದು ಮಾತ್ರ ವ್ಯಾಪಾರ. ಇವೆರಡರ ಹಿಂದೆ ನಿಂತಿರುವ ಮೂರನೆಯ ಅಪರಾಧಿಯೊಂದಿದೆ, ಅದು ಸರಕಾರ. ಒಂದು ಕೈಯಿಂದ ಈ ವಿಷಯವನ್ನು ಪ್ರತಿಯೊಬ್ಬ ವಿದ್ಯಾರ್ಥಿಗೂ ಕಡ್ಡಾಯಗೊಳಿಸಿ, ಇನ್ನೊಂದು ಕೈಯಿಂದ ಅದನ್ನು ನಿಷ್ಠೆಯಿಂದ ಓದಿದವನ ಮುಂದೆ ಬಾಗಿಲು ಮುಚ್ಚುವ ಸರಕಾರ.

ಪರಿಸರ ಶಿಕ್ಷಣ ಈ ದೇಶದಲ್ಲಿ ಯಾವ ಶಿಕ್ಷಣ ಸಚಿವರ ಕನಸಿನಿಂದಲೂ ಹುಟ್ಟಿದ್ದಲ್ಲ. ಅದು ನ್ಯಾಯಾಲಯದ ಕಟಕಟೆಯಿಂದ ಬಂದದ್ದು. ವಕೀಲ ಎಂ.ಸಿ. ಮೆಹ್ತಾರ ಅರ್ಜಿಯ ಮೇಲೆ 1991ರ ನವೆಂಬರ್ 22ರಂದು ಸುಪ್ರೀಂ ಕೋರ್ಟ್ ನೀಡಿದ ಆದೇಶದಿಂದಾಗಿ ಪರಿಸರವು ಕಡ್ಡಾಯ ವಿಷಯವಾಗಬೇಕಾಯಿತು. ಆದರೆ ಆದೇಶ ಕಾಲೇಜಿನ ತರಗತಿಗೆ ತಲುಪಲು ಒಂದು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. 2003ರಲ್ಲಿ ಕೋರ್ಟ್ ಮತ್ತೊಮ್ಮೆ ಚಾಟಿ ಬೀಸಿದ ಬಳಿಕವೇ ಯುಜಿಸಿಯ ಆರು ತಿಂಗಳ ಪಠ್ಯಕ್ರಮ ಎಲ್ಲ ಪದವಿಗಳಿಗೂ ಅನ್ವಯವಾದದ್ದು. ಬಿ.ಎ. ಓದುವವನಿಗೂ ಬಿ.ಕಾಂ. ಓದುವವನಿಗೂ ಒಂದೇ ಪುಸ್ತಕ, ಐವತ್ತು ತರಗತಿಗಳು, ನೂರು ಅಂಕ.

ಆ ಪಠ್ಯಕ್ರಮವನ್ನು ನಾವು ನಿಂದಿಸಲಾರೆವು. ಅದನ್ನು ಬರೆದವರು ನೂರರಲ್ಲಿ ಇಪ್ಪತ್ತೈದು ಅಂಕಗಳನ್ನು ಕ್ಷೇತ್ರಕಾರ್ಯಕ್ಕಾಗಿಯೇ ಎತ್ತಿಟ್ಟಿದ್ದರು. ಸಮೀಪದ ಕೆರೆಗೋ ಕಾಡಿಗೋ ಗುಡ್ಡಕ್ಕೋ ಹೋಗಿ ದಾಖಲಿಸು, ಮಲಿನಗೊಂಡ ಒಂದು ಸ್ಥಳವನ್ನು ಕಣ್ಣಾರೆ ನೋಡು, ಸುತ್ತಲಿನ ಗಿಡ, ಕೀಟ, ಹಕ್ಕಿಗಳನ್ನು ಗುರುತಿಸಲು ಕಲಿ ಎಂದು ಅದು ಹೇಳುತ್ತಿತ್ತು. ಎಷ್ಟು ಸರಳ, ಎಷ್ಟು ಸೊಗಸಾದ ಆಜ್ಞೆ! ಆದರೆ ನಡೆದದ್ದೇನು? ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಆ ಇಪ್ಪತ್ತೈದು ಅಂಕಗಳು ಸಿದ್ಧರೂಪದಲ್ಲಿ ಮಾರಾಟವಾದವು. ಹೆಬ್ಬಾಳ ಕೆರೆಯನ್ನು ದಿನವೂ ಮೇಲ್ಸೇತುವೆಯ ಮೇಲಿಂದ ದಾಟಿ ಬರುವ ಹುಡುಗ, ಎಲ್ಲೋ ಉತ್ತರ ಭಾರತದ ಯಾವುದೋ ಸರೋವರದ ವಿವರವನ್ನು ಅಂದವಾದ ಅಕ್ಷರದಲ್ಲಿ ನಕಲು ಮಾಡಿ ಒಪ್ಪಿಸಿದ. ಪಾಠ ಮಾಡಿದವರು ಯಾರು? ಯಾರ ವೇಳಾಪಟ್ಟಿಯಲ್ಲಿ ಗಂಟೆ ಕಡಿಮೆ ಬಿದ್ದಿತ್ತೋ ಅವರು. ವಾಣಿಜ್ಯದ ಉಪನ್ಯಾಸಕರು ಓಝೋನ್ ಪದರದ ಬಗ್ಗೆ ಪುಸ್ತಕ ನೋಡಿ ಓದಿದರು, ಅವರದೇನೂ ತಪ್ಪಿಲ್ಲ. ಪರಿಸರ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಆ ಹೊತ್ತಿನಲ್ಲಿ ಕಾಲ್ ಸೆಂಟರಿನಲ್ಲಿ ರಾತ್ರಿಪಾಳಿ ಮುಗಿಸಿ ಮಲಗಿರುತ್ತಿದ್ದರು.

2021ರಲ್ಲಿ ರಾಜ್ಯ ಸರಕಾರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅವಸರವಸರವಾಗಿ ತಂದಿತು, 2024ರಲ್ಲಿ ಬಂದ ಇನ್ನೊಂದು ಸರಕಾರದ ಆದೇಶ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿತು. ಪಕ್ಷಗಳು ಇದರ ಬಗ್ಗೆ ಸಾಕಷ್ಟು ಕಚ್ಚಾಡಿದವು. ಪರಿಸರದ ಪಾಠವನ್ನು ಯಾರು ಮಾಡಬೇಕು, ಅವರಿಗೆ ಯಾವ ಅರ್ಹತೆ ಇರಬೇಕು ಎಂಬ ಪ್ರಶ್ನೆ ಆ ಕಚ್ಚಾಟದಲ್ಲಿ ಒಮ್ಮೆಯೂ ಕೇಳಿಬಂದದ್ದನ್ನು ನಾವು ಕಾಣೆವು.

ಈಗ ಬಾಗಿಲು ಮುಚ್ಚುವ ಕೈಯನ್ನು ನೋಡೋಣ. ಪರಿಸರ ಓದುವ ಮಕ್ಕಳಲ್ಲಿ ಹತ್ತರಲ್ಲಿ ಆರು ಮಂದಿಗೆ ಐ.ಎಫ್.ಎಸ್. ಆಗಬೇಕು, ಅಂದರೆ ಭಾರತೀಯ ಅರಣ್ಯ ಸೇವೆಗೆ ಸೇರಬೇಕು ಎಂಬ ಆಸೆ ಇರುತ್ತದೆ (ಹತ್ತರಲ್ಲಿ ಆರು ಎಂಬುದು ನಮ್ಮ ಅಂದಾಜು, ಸಮೀಕ್ಷೆಯಲ್ಲ). ಆ ಪರೀಕ್ಷೆಗೆ ಕುಳಿತುಕೊಳ್ಳಲು ಬೇಕಾದ ಅರ್ಹತೆಯನ್ನು ಎಷ್ಟು ಮಂದಿ ಓದಿದ್ದಾರೆ? ಪದವಿಯಲ್ಲಿ ಪಶುಸಂಗೋಪನೆ ಮತ್ತು ಪಶುವೈದ್ಯ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ ಇವುಗಳಲ್ಲಿ ಒಂದಾದರೂ ಇರಬೇಕು. ಇಲ್ಲವಾದರೆ ಕೃಷಿ, ಅರಣ್ಯ ಅಥವಾ ಇಂಜಿನಿಯರಿಂಗ್ ಪದವಿ ಬೇಕು. ಪಟ್ಟಿ ಅಲ್ಲಿಗೆ ಮುಗಿಯಿತು. ಪರಿಸರ ವಿಜ್ಞಾನ ಅದರಲ್ಲಿಲ್ಲ! ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯಗಳ ಪಟ್ಟಿಯಲ್ಲೂ ಇಲ್ಲ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು ಕಾಡಿನ ಅಧಿಕಾರಿಯಾಗಬಹುದು, ಅದಕ್ಕೆ ನಮ್ಮ ಆಕ್ಷೇಪವೇನಿಲ್ಲ. ಆದರೆ ಕಾಡು ಹೇಗೆ ಬದುಕುತ್ತದೆ, ಹೇಗೆ ಸಾಯುತ್ತದೆ ಎಂಬುದನ್ನೇ ಓದಿದವನ ಪದವಿ ಅಲ್ಲಿ ಲೆಕ್ಕಕ್ಕಿಲ್ಲ ಎಂದರೆ ಇದೆಂಥ ನ್ಯಾಯ? ಪರಿಸರ ವಿಜ್ಞಾನದ ಜೊತೆ ಸಸ್ಯಶಾಸ್ತ್ರವೋ ರಸಾಯನಶಾಸ್ತ್ರವೋ ಇದ್ದರೆ ಬಾಗಿಲು ತೆರೆದಿರುತ್ತದೆ. ಜೈವಿಕ ತಂತ್ರಜ್ಞಾನ, ಸೂಕ್ಷ್ಮಜೀವಿಶಾಸ್ತ್ರ ಎಂಬ ಆಕರ್ಷಕ ಹೆಸರುಗಳ ಜೊತೆ ಅದನ್ನು ಹೊಂದಿಸಿದರೆ, ಮೂರು ವರ್ಷ ಓದಿ, ಅರ್ಜಿ ತುಂಬಲು ಕುಳಿತ ದಿನ ವಿದ್ಯಾರ್ಥಿಗೆ ಸತ್ಯ ತಿಳಿಯುತ್ತದೆ. ಪ್ರವೇಶಾತಿಯ ಕಿಟಕಿಯಲ್ಲಿ ಇದನ್ನು ಹೇಳುವವರಿಲ್ಲ. ಬಣ್ಣದ ಕರಪತ್ರದಲ್ಲಿ ಹುಲಿಯ ಚಿತ್ರ ಮಾತ್ರ ಇರುತ್ತದೆ.

ಇನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಜಲ ಕಾಯ್ದೆ ಜಾರಿಗೆ ಬಂದ 1974ರಲ್ಲಿಯೇ ಸ್ಥಾಪನೆಯಾದ ಈ ಮಂಡಳಿಯೇ ಪರಿಸರ ಪದವೀಧರರ ಸಹಜ ತವರಾಗಬೇಕಿತ್ತು. ಆದರೆ ದೇಶದ ಮಾಲಿನ್ಯ ಮಂಡಳಿಗಳ ಖಾಲಿ ಹುದ್ದೆಗಳನ್ನು ತುಂಬಿರೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ ಪದೇ ಪದೇ ಆದೇಶಿಸಬೇಕಾದ ಸ್ಥಿತಿ ಇದೆ. ಪೀಣ್ಯದ ಕೈಗಾರಿಕಾ ಪ್ರದೇಶವನ್ನೇ ನೋಡಿ. ಯಶವಂತಪುರದಿಂದ ಅದು ಎಷ್ಟು ದೂರ? ಅಲ್ಲಿನ ಲೋಹಲೇಪನ ಘಟಕಗಳ ನೆರೆಯ ಅಂತರ್ಜಲದಲ್ಲಿ ಕ್ರೋಮಿಯಂ ಪತ್ತೆಯಾದ ಸಂಗತಿ ಹೊಸತಲ್ಲ. ಕೊಳವೆಬಾವಿಯ ನೀರನ್ನು ಬಾಟಲಿಗೆ ತುಂಬಿ ಪ್ರಯೋಗಾಲಯಕ್ಕೆ ಒಯ್ಯಲು ಒಬ್ಬ ಮನುಷ್ಯ ಬೇಕು. ಆ ಮನುಷ್ಯನ ಕುರ್ಚಿ ಖಾಲಿ ಇದ್ದರೆ ಕಾರ್ಖಾನೆಯ ಮಾಲಕನಿಗೆ ಕಾಯ್ದೆಯ ಭಯವೇಕೆ?

ಹಾಗಾದರೆ ಉದ್ಯೋಗವೇ ಇಲ್ಲವೇ? ಇದೆ. ಆದರೆ ಎಲ್ಲಿದೆ ಮತ್ತು ಯಾರ ಪರವಾಗಿ ಇದೆ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ.

2006ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರ ಪರಿಸರ ಪರಿಣಾಮ ಮೌಲ್ಯಮಾಪನದ ಅಧಿಸೂಚನೆ ಹೊರಡಿಸಿತು. ಗಣಿ, ಅಣೆಕಟ್ಟು, ವಿದ್ಯುತ್ ಸ್ಥಾವರ, ದೊಡ್ಡ ವಸತಿ ಸಮುಚ್ಚಯ, ಯಾವುದೇ ಇರಲಿ, ಅದರಿಂದ ನೆಲ, ಜಲ, ಜನರಿಗೆ ಏನಾಗುತ್ತದೆಂಬ ವರದಿ ಮೊದಲು ತಯಾರಾಗಬೇಕು. ಒಳ್ಳೆಯದೇ. ಆದರೆ ವರದಿ ಬರೆಯುವ ಸಲಹಾ ಸಂಸ್ಥೆಯನ್ನು ನೇಮಿಸುವವನು ಯಾರು? ಯೋಜನೆಯ ಮಾಲಕ. ಹಣ ಕೊಡುವವನು ಯಾರು? ಅವನೇ. ಪರೀಕ್ಷೆ ಬರೆಯುವ ವಿದ್ಯಾರ್ಥಿಯೇ ಮೌಲ್ಯಮಾಪಕನಿಗೆ ಸಂಬಳ ಕೊಡುವ ವ್ಯವಸ್ಥೆ ಜಗತ್ತಿನ ಯಾವ ಶಾಲೆಯಲ್ಲಿದೆ? ಮಹಾರಾಷ್ಟ್ರದ ರತ್ನಗಿರಿಯ ಬಾಕ್ಸೈಟ್ ಗಣಿಯೊಂದಕ್ಕೆ ತಯಾರಿಸಿದ ವರದಿಯಲ್ಲಿ ರಷ್ಯಾದ ಗಣಿಯ ವಿವರಗಳನ್ನು ಎತ್ತಿ ಅಂಟಿಸಿದ್ದು ಬಯಲಾದ ಪ್ರಕರಣವನ್ನು ಓದುಗರು ನೆನಪಿಸಿಕೊಳ್ಳಬಹುದು. ಜೆರಾಕ್ಸ್ ಅಂಗಡಿಯಲ್ಲಿ ಕ್ಷೇತ್ರಕಾರ್ಯ ಕೊಂಡ ಹುಡುಗ ದೊಡ್ಡವನಾಗಿ ಇಂತಹ ವರದಿಯನ್ನೇ ತಾನೆ ಬರೆಯುವುದು? ಕಾಲೇಜಿನ ಸಣ್ಣ ಕಳ್ಳತನಕ್ಕೂ ಗಣಿಯ ದೊಡ್ಡ ಕಳ್ಳತನಕ್ಕೂ ನಡುವೆ ಇರುವ ದಾರಿ ನೇರವಾಗಿದೆ.

ಇಂತಹ ಸಂಸ್ಥೆಗಳಲ್ಲಿ ನಮ್ಮ ಮಕ್ಕಳಿಗೆ ಕೆಲಸ ಸಿಗುತ್ತದೆ. ಆರಂಭದ ಸಂಬಳವೂ ಸಿಗುತ್ತದೆ. ಅಲ್ಲಿಗೆ ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ಹಸಿದ ಮನೆಗೆ ಉಪದೇಶ ಮಾಡುವ ಅಭ್ಯಾಸ ನಮಗಿಲ್ಲ. ಆದರೆ ಇಲ್ಲದ ಅಳತೆಯನ್ನು ಇದೆಯೆಂದು ಬರೆಯಿರಿ ಎಂದು ಮೇಲಿನವರು ಹೇಳಿದಾಗ ಏನು ಮಾಡಬೇಕು ಎಂಬ ಪಾಠ ಯಾವ ಪಠ್ಯಕ್ರಮದಲ್ಲಿದೆ? ಮೂರು ವರ್ಷದಲ್ಲಿ ಒಂದು ಗಂಟೆಯಾದರೂ ಇದಕ್ಕೆ ಮೀಸಲಾಗಿದೆಯೇ? ಅಳತೆಯಲ್ಲಿ ಮೋಸ ಮಾಡಬಾರದು ಎಂಬುದು ಸಂತೆಯ ತಕ್ಕಡಿಗೆ ಮಾತ್ರ ಅನ್ವಯಿಸುವ ಮಾತಲ್ಲ.

ಇದೇ ಅಧಿಸೂಚನೆಯಲ್ಲಿ ಕನ್ನಡದ ಮಕ್ಕಳಿಗೆ ಸಂಬಂಧಿಸಿದ ಒಂದು ಸಂಗತಿಯಿದೆ. ಸಾರ್ವಜನಿಕ ಅಹವಾಲಿಗೆ ಮುನ್ನ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಜನರ ಕೈಸೇರಬೇಕು. 2020ರಲ್ಲಿ ಕೇಂದ್ರವು ಈ ಅಧಿಸೂಚನೆಯನ್ನೇ ಬದಲಿಸಲು ಹೊರಟಿತು. ಕರಡು ಪ್ರಕಟವಾದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡಿಗನೊಬ್ಬ ತನ್ನ ಊರಿನ ಕೆರೆಯ ಭವಿಷ್ಯದ ಕುರಿತು ಆಕ್ಷೇಪ ಸಲ್ಲಿಸಬೇಕಾದರೆ ಮೊದಲು ಹಿಂದಿ ಕಲಿಯಬೇಕಿತ್ತು! ದಿಲ್ಲಿ ಹೈಕೋರ್ಟ್ ಇತರ ಭಾಷೆಗಳಿಗೂ ಅನುವಾದಿಸಿ ಎಂದಿತು; ಕರ್ನಾಟಕ ಹೈಕೋರ್ಟ್ ಆ ವರ್ಷದ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ನೀಡಿತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದೆನೆಂದು ಕಾಲೇಜಿನಲ್ಲಿ ಹಿಂದಿನ ಬೆಂಚಿಗೆ ಸರಿಯುವ ಹುಡುಗಿ ಇದನ್ನು ಗಮನಿಸಬೇಕು. ಬಿ.ಓ.ಡಿ. ಎಂದರೇನು, ಅದು ಏರಿದರೆ ಮೀನು ಯಾಕೆ ಸಾಯುತ್ತದೆ ಎಂಬುದನ್ನು ದೊಡ್ಡಬಳ್ಳಾಪುರದ ರೈತನಿಗೆ ಅವನ ಮಾತಿನಲ್ಲಿ ಹೇಳಬಲ್ಲವರು ಈ ಕ್ಷೇತ್ರದಲ್ಲಿ ವಿರಳ. ಅವಳ ಕನ್ನಡ ಅವಳ ಕೊರತೆಯಲ್ಲ, ಬಂಡವಾಳ.

ಉತ್ತರ ಬೆಂಗಳೂರಿನಲ್ಲಿ ಕುಳಿತು ಈ ವಿಷಯ ಓದುವವರ ದುರಂತವೆಂದರೆ ಇನ್ನೊಂದು. ಇಡೀ ದೇಶದ ವಿದ್ಯಾರ್ಥಿಗಳು ಅಸೂಯೆ ಪಡಬೇಕಾದ ಜಾಗದಲ್ಲಿ ಅವರಿದ್ದಾರೆ, ಆದರೆ ಅದು ಅವರಿಗೇ ತಿಳಿದಿಲ್ಲ. ಮೇಖ್ರಿ ವೃತ್ತದಿಂದ ಬಳ್ಳಾರಿ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುತ್ತಾ ಕಿಟಕಿಯಾಚೆ ನೋಡಲಿ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು, ಕೃಷಿಗೆ ಸಂಬಂಧಿಸಿದ ಕೀಟಗಳ ರಾಷ್ಟ್ರೀಯ ಸಂಸ್ಥೆ. ಮುಂದೆ ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣ, ಅದರೊಳಗೆ ಅರಣ್ಯ ಮತ್ತು ಪರಿಸರ ವಿಜ್ಞಾನದ ವಿಭಾಗ. ಅದೇ ಆವರಣದಲ್ಲಿ ಎನ್.ಸಿ.ಬಿ.ಎಸ್., 2004ರಿಂದ ವನ್ಯಜೀವಿ ಅಧ್ಯಯನದ ಸ್ನಾತಕೋತ್ತರ ಪದವಿ ನಡೆಸುತ್ತಿರುವ ಸಂಸ್ಥೆ. ಇನ್ನೂ ಮುಂದೆ ಜಕ್ಕೂರಿನ ಬಳಿ ಏಟ್ರಿ, ಪರಿಸರ ಸಂಶೋಧನೆಗೆಂದೇ ಇರುವ ಸಂಸ್ಥೆ. ಯಶವಂತಪುರದ ಕಡೆಗೆ ತಿರುಗಿದರೆ ಮಾಧವ ಗಾಡ್ಗೀಳರು 1980ರ ದಶಕದಲ್ಲಿ ಕಟ್ಟಿದ ಪರಿಸರ ವಿಜ್ಞಾನ ಕೇಂದ್ರ ಭಾರತೀಯ ವಿಜ್ಞಾನ ಸಂಸ್ಥೆಯ ಅಂಗಳದಲ್ಲಿದೆ. ಪಕ್ಕದ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಸಂಸ್ಥೆ. ಇವುಗಳಲ್ಲಿ ಎಷ್ಟು ಗೇಟುಗಳನ್ನು ಆರ್.ಟಿ. ನಗರದ, ಯಲಹಂಕದ ಪದವಿ ವಿದ್ಯಾರ್ಥಿಗಳು ದಾಟಿದ್ದಾರೆ? ಗೇಟಿನ ಕಾವಲುಗಾರನ ಭಯವೇ ಹೆಚ್ಚಿನವರನ್ನು ಹೊರಗಿಟ್ಟಿದೆ. ಸಾರ್ವಜನಿಕ ಉಪನ್ಯಾಸವಿದ್ದ ದಿನ ಗುರುತಿನ ಚೀಟಿ ತೋರಿಸಿ ಒಳಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದರೆ ಯಾರೂ ಗದರುವುದಿಲ್ಲ.

ಗೇಟುಗಳು ಬೇಡವೆಂದರೆ ಕೆರೆಗಳಿವೆ. ಜಕ್ಕೂರು ಕೆರೆಯ ಮೇಲ್ಭಾಗದಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಆರಂಭವಾದ ಕೊಳಚೆನೀರು ಶುದ್ಧೀಕರಣ ಘಟಕವಿದೆ. ಅಲ್ಲಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಇಳಿಯುವುದಿಲ್ಲ; ಜೊಂಡು, ಆಪು ಬೆಳೆದ ಜೌಗಿನ ಮೂಲಕ ಹಾದು, ಸಾರಜನಕ ರಂಜಕಗಳ ಹೊರೆಯನ್ನು ಅಲ್ಲಿ ಇಳಿಸಿ ನಂತರ ಕೆರೆ ಸೇರುತ್ತದೆ. ಗ್ರಂಥಗಳಲ್ಲಿ ಒಂದು ಅಧ್ಯಾಯವಾಗಿ ಓದುವ ವಿಷಯ ಇಲ್ಲಿ ಕಣ್ಣೆದುರು ಹರಿಯುತ್ತಿದೆ. ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಹೆಬ್ಬಾಳ, ನಾಗವಾರ ಕೆರೆಗಳನ್ನು 2000ದ ದಶಕದಲ್ಲಿ ಸರಕಾರ ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. 2008ರಲ್ಲಿ ಅದರ ವಿರುದ್ಧ ಹೈಕೋರ್ಟಿಗೆ ಹೋದವರ ಕೈಯಲ್ಲಿ ಘೋಷಣೆಗಳಲ್ಲ, ಕಾಯ್ದೆ ಮತ್ತು ಕೆರೆಯ ವಿಜ್ಞಾನ ಎರಡೂ ಇದ್ದವು. 2012ರ ತೀರ್ಪು ಕೆರೆಗಳು ಸಾರ್ವಜನಿಕ ಆಸ್ತಿಯೆಂಬುದನ್ನು ಎತ್ತಿಹಿಡಿಯಿತು.

2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆ ಕಟ್ಟಲು ಸರಕಾರ ಹೊರಟಾಗ 812 ಮರಗಳು ಉರುಳಲಿವೆ ಎಂದು ಹೇಳಲಾಗಿತ್ತು. ಜನ ಬೀದಿಗಿಳಿದು ಮಾನವ ಸರಪಳಿ ಕಟ್ಟಿದರು, 2017ರ ಮಾರ್ಚ್‌ನಲ್ಲಿ ಯೋಜನೆ ರದ್ದಾಯಿತು. ಆ ಮರಗಳು ಯಾವ ಜಾತಿಯವು, ಎಷ್ಟು ವಯಸ್ಸಿನವು ಎಂದು ಹೆಬ್ಬಾಳದ ಎಷ್ಟು ಪದವಿ ವಿದ್ಯಾರ್ಥಿಗಳು ಎಣಿಸಿದ್ದರು? 2025ರಲ್ಲಿ ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆಯ ಯೋಜನೆ ವಿವಾದವಾಯಿತು. ಮತ್ತೆ ಅದೇ ಪ್ರಶ್ನೆ.

ಹೆಬ್ಬಾಳ ನಾಗವಾರ ಕಣಿವೆಯ ಯೋಜನೆಯಂತೂ ಒಂದು ಪೀಳಿಗೆಯ ಸಂಶೋಧಕರಿಗೆ ಸಾಕಾಗುವಷ್ಟು ಕೆಲಸ. ನಮ್ಮ ಮನೆಗಳ ಕೊಳಚೆನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 21 ಕೋಟಿ ಲೀಟರಿನಷ್ಟು ನೀರನ್ನು ಚಿಕ್ಕಬಳ್ಳಾಪುರದ ಕಡೆಯ ಬತ್ತಿದ ಕೆರೆಗಳಿಗೆ ಹರಿಸುವುದು ಅದರ ಗುರಿ. ಕೋಲಾರಕ್ಕೆ ನೀರು ಹರಿಸುವ ಇಂತಹದೇ ಯೋಜನೆಯಲ್ಲಿ 2018ರಲ್ಲಿ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟಿಗೂ ಆಮೇಲೆ ಸುಪ್ರೀಂ ಕೋರ್ಟಿಗೂ ಹೋಯಿತು. ಅಂತರ್ಜಲ ಏರಿತೆಂದು ಕೆಲವು ರೈತರು ಸಂತೋಷಪಡುತ್ತಾರೆ. ಮೂರನೇ ಹಂತದ ಶುದ್ಧೀಕರಣವಿಲ್ಲದೆ ಈ ನೀರು ಮಣ್ಣಿಗೂ ತರಕಾರಿಗೂ ಏನು ಸೇರಿಸುತ್ತಿದೆ ಎಂದು ಇನ್ನು ಕೆಲವರು ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಇಬ್ಬರ ನಡುವೆ ತೀರ್ಮಾನ ಹೇಳಬೇಕಾದದ್ದು ಬಾವಿಬಾವಿಗೆ ಹೋಗಿ, ಋತುಋತುವಿಗೆ ನೀರು ತೆಗೆದು ಪರೀಕ್ಷಿಸಿದ ಅಂಕಿಗಳು, ಶಾಸಕರ ಹೇಳಿಕೆಗಳಲ್ಲ. ಒಂದು ಬಿ.ಓ.ಡಿ. ಪರೀಕ್ಷೆ ಮುಗಿಯಲು 27 ಡಿಗ್ರಿ ಉಷ್ಣಾಂಶದಲ್ಲಿ ಮೂರು ದಿನ ಕಾಯಬೇಕು. ಕಾಯುವ ತಾಳ್ಮೆಯುಳ್ಳವರು ಬೇಕಾಗಿದ್ದಾರೆ.

ಈಗ ಗುಜರಿ ಅಂಗಡಿಗೆ ಮರಳೋಣ. ಏಕೆಂದರೆ ನಮ್ಮ ಮಟ್ಟಿಗೆ ಅತ್ಯಂತ ದೊಡ್ಡ ಅನ್ಯಾಯ ನಡೆಯುತ್ತಿರುವುದು ಅಲ್ಲಿ, ಮತ್ತು ಅದರ ಸುಳಿವೇ ನಮ್ಮ ಮೊಹಲ್ಲಾಗಳಿಗೆ ಇಲ್ಲ.

2012ರ ಜುಲೈಯಲ್ಲಿ ಯಲಹಂಕದ ಆಚೆಯ ಮಾವಳ್ಳಿಪುರದ ಕಸದ ಗುಡ್ಡೆ ಗ್ರಾಮಸ್ಥರ ಹೋರಾಟದಿಂದ ಮುಚ್ಚಲ್ಪಟ್ಟಾಗ ಬೆಂಗಳೂರಿನ ಬೀದಿಗಳು ನಾರಿದ್ದನ್ನು ನಾವೆಲ್ಲ ಕಂಡಿದ್ದೇವೆ. ಕಸವನ್ನು ಮನೆಯಲ್ಲೇ ಬೇರ್ಪಡಿಸಿ ಎಂಬ ಮಾತು ನಗರಪಾಲಿಕೆಯ ಬಾಯಲ್ಲಿ ಗಟ್ಟಿಯಾಗಿ ಕೇಳಿಬಂದದ್ದು ಆ ನಂತರ. ಆದರೆ ಗುಜರಿಯವರು ಅದಕ್ಕೆ ಎಷ್ಟೋ ದಶಕಗಳ ಮುಂಚೆಯೇ ಈ ನಗರದ ಕಸವನ್ನು ಬೇರ್ಪಡಿಸುತ್ತಿದ್ದರು. ಆ ಅಂಗಡಿಯ ಹುಡುಗ ಒಂದು ತುಂಡು ಪ್ಲಾಸ್ಟಿಕ್ಕನ್ನು ಬಾಗಿಸಿ, ನೆಲಕ್ಕೆ ಬಡಿದು ಸದ್ದು ಕೇಳಿ, ಅನುಮಾನವಿದ್ದರೆ ನೀರಿಗೆ ಹಾಕಿ ನೋಡಿ, ತೇಲಿದರೆ ಒಂದು ಗೋಣಿಗೆ, ಮುಳುಗಿದರೆ ಇನ್ನೊಂದು ಗೋಣಿಗೆ ಎಸೆಯುತ್ತಾನೆ. ಅದು ಸಾಂದ್ರತೆಯ ಪರೀಕ್ಷೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅದಕ್ಕೆ ಅಂಕವಿದೆ, ಅಂಗಡಿಯಲ್ಲಿ ಅದಕ್ಕೆ ಕಿಲೋಗೆ ಇಷ್ಟು ರೂಪಾಯಿ. ಅದೇ ಹುಡುಗ ತಾಮ್ರಕ್ಕಾಗಿ ವೈರನ್ನು ಸುಟ್ಟು ಡಯಾಕ್ಸಿನ್ ತುಂಬಿದ ಹೊಗೆಯನ್ನು ಉಸಿರಾಡುತ್ತಾನೆ, ಹಳೆಯ ಬ್ಯಾಟರಿ ಒಡೆದು ಸೀಸದ ಧೂಳನ್ನು ಮನೆಗೆ ಒಯ್ಯುತ್ತಾನೆ, ಅವನ ತಮ್ಮ ತಂಗಿಯರು ಆ ಧೂಳಿನಲ್ಲಿ ಬೆಳೆಯುತ್ತಾರೆ. ಇದನ್ನು ಮುಚ್ಚಿಟ್ಟು ಗುಜರಿಯವರನ್ನು ಹೊಗಳುವ ಮೆಚ್ಚುಗೆಯ ಮಾತು ನಮಗೆ ಬೇಡ. ಅವರ ಕೆಲಸ ಪರಿಸರವನ್ನು ಉಳಿಸುತ್ತಿದೆ, ಅವರ ದೇಹವನ್ನು ಕೊಲ್ಲುತ್ತಿದೆ.

ಕಾಯ್ದೆಗಳು ಈಗ ವೇಗವಾಗಿ ಬದಲಾಗುತ್ತಿವೆ. ಇ-ತ್ಯಾಜ್ಯಕ್ಕೆ 2011ರಲ್ಲಿ ಮೊದಲ ನಿಯಮ ಬಂತು, 2016ರಲ್ಲಿ ಬದಲಾಯಿತು, 2022ರ ಹೊಸ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಾಯಿತು. ಪ್ಲಾಸ್ಟಿಕ್‌ಗೆ 2022ರ ಫೆಬ್ರವರಿಯಲ್ಲಿ, ಬ್ಯಾಟರಿಗೆ ಅದೇ ವರ್ಷ, ಹಳೆಯ ವಾಹನಗಳಿಗೆ 2025ರ ಏಪ್ರಿಲ್‌ನಿಂದ. ಇವೆಲ್ಲದರ ಸಾರ ಒಂದೇ. ವಸ್ತುವನ್ನು ತಯಾರಿಸಿದ ಕಂಪನಿಯೇ ಅದರ ಕಸಕ್ಕೂ ಹೊಣೆ. ಆ ಹೊಣೆಯನ್ನು ಪೂರೈಸಿದ್ದಕ್ಕೆ ಪ್ರಮಾಣಪತ್ರ ಬೇಕು. ಆ ಪ್ರಮಾಣಪತ್ರವನ್ನು ನೋಂದಾಯಿತ ಮರುಬಳಕೆದಾರ ಮಾತ್ರ ಕೊಡಬಲ್ಲ. ಅಂದರೆ ಇನ್ನು ಮುಂದೆ ಗುಜರಿಯ ಬೆಲೆ ವಸ್ತುವಿನಲ್ಲಿ ಮಾತ್ರವಲ್ಲ, ಕಾಗದದಲ್ಲಿಯೂ ಇದೆ. ಕೇಂದ್ರ ಮಂಡಳಿಯ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸದವನು, ಲೆಕ್ಕಪತ್ರ ಸಲ್ಲಿಸದವನು, ಎಷ್ಟೇ ನಿಪುಣನಾಗಿರಲಿ, ಕಾಯ್ದೆಯ ಕಣ್ಣಿನಲ್ಲಿ ಇಲ್ಲವೇ ಇಲ್ಲ. ಬೆಂಗಳೂರಿನ ಸಮೀಪದ ದಾಬಸ್‌ಪೇಟೆಯಲ್ಲಿ ದೇಶದ ಮೊದಮೊದಲ ಅಧಿಕೃತ ಇ-ತ್ಯಾಜ್ಯ ಘಟಕವೊಂದು 2005ರಲ್ಲೇ ಆರಂಭವಾಗಿತ್ತು. ಎಚ್ಚರಿಕೆಯ ಗಂಟೆ ಅಂದೇ ಬಾರಿಸಿತ್ತು. ಕೇಳಿಸಿಕೊಳ್ಳದವರು ನಾವು.

ಮುಂದೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಬಂಡವಾಳವಿದ್ದವರು ನೋಂದಣಿ ಪಡೆಯುತ್ತಾರೆ, ಗುಜರಿಯವನು ಅವರ ಗೋದಾಮಿನಲ್ಲಿ ದಿನಗೂಲಿಯಾಗುತ್ತಾನೆ. ಅಪ್ಪನ ಅಂಗಡಿಯ ಮಾಲಕತ್ವ ಮಗನ ಕಾಲಕ್ಕೆ ಹಾಜರಿ ಪುಸ್ತಕದ ಸಹಿಯಾಗುತ್ತದೆ. ಇದನ್ನು ತಡೆಯಬಲ್ಲ ಕಾಗದವನ್ನು ಬರೆಯಬಲ್ಲವರು ಯಾರು? ಮಾಲಿನ್ಯ ಮಂಡಳಿಯ ಅನುಮತಿ ಪತ್ರದ ಭಾಷೆ ಬಲ್ಲ, ಸೀಸದ ಧೂಳನ್ನು ಹೇಗೆ ಹಿಡಿದಿಡಬೇಕೆಂದು ತಿಳಿದ, ಹತ್ತು ಸಣ್ಣ ಅಂಗಡಿಗಳನ್ನು ಒಂದು ಸಹಕಾರ ಸಂಘವಾಗಿ ಜೋಡಿಸಿ ನೋಂದಾಯಿಸಬಲ್ಲ ಒಬ್ಬ ಪರಿಸರ ಪದವೀಧರೆ. ಅವಳು ಆ ತಂದೆಯ ಮನೆಯಲ್ಲೇ ಇದ್ದಾಳೆ. ಅವಳಿಗೆ ಅಪ್ಪನ ವೃತ್ತಿಯ ಬಗ್ಗೆ ಕಾಲೇಜಿನಲ್ಲಿ ಹೇಳಿಕೊಳ್ಳಲು ನಾಚಿಕೆ, ಅಪ್ಪನಿಗೆ ಅವಳ ಓದಿನ ಬಗ್ಗೆ ಅನುಮಾನ. ಈ ಎರಡು ತಪ್ಪುಗಳು ಒಂದೇ ಸೂರಿನಡಿ ಊಟ ಮಾಡುತ್ತಿವೆ.

ನಮ್ಮ ಮಾತಿಗೆ ಒಂದು ಆಕ್ಷೇಪ ಬರಬಹುದು. ಬಡವನ ಮಗಳಿಗೆ ನರ್ಸಿಂಗೋ ಬಿ.ಕಾಮೋ ಓದಿಸಿ ಬೇಗ ದುಡಿಮೆಗೆ ಹಚ್ಚುವುದನ್ನು ಬಿಟ್ಟು, ಇಷ್ಟೊಂದು ಅಡೆತಡೆಯಿರುವ ದಾರಿಗೆ ಯಾಕೆ ನೂಕುತ್ತೀರಿ? ಪ್ರಶ್ನೆ ನ್ಯಾಯವಾದದ್ದೇ. ಸಾಚಾರ್ ಸಮಿತಿ 2006ರಲ್ಲಿ ಹೇಳಿದಂತೆ ದೇಶದ ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಗಳಲ್ಲಿ ಇಪ್ಪತ್ತೈದರಲ್ಲಿ ಒಬ್ಬರು, ಸ್ನಾತಕೋತ್ತರ ತರಗತಿಗಳಲ್ಲಿ ಐವತ್ತರಲ್ಲಿ ಒಬ್ಬರು ಮಾತ್ರ ಮುಸ್ಲಿಮರಾಗಿದ್ದರು. ಅಂತಹ ಸ್ಥಿತಿಯಿಂದ ಎದ್ದುಬರುವ ಮನೆ ಪ್ರಯೋಗ ಮಾಡುವ ಸ್ಥಿತಿಯಲ್ಲಿರುವುದಿಲ್ಲ. ಆದುದರಿಂದಲೇ ಕಣ್ಣುಮುಚ್ಚಿ ಪರಿಸರ ಓದಿಸಿ ಎಂದು ನಾವು ಹೇಳುತ್ತಿಲ್ಲ. ಸರಿಯಾದ ಜೋಡಿಯೊಂದಿಗೆ ಓದಿಸಿ ಎನ್ನುತ್ತಿದ್ದೇವೆ. ಆ ಮಗಳು ರಸಾಯನಶಾಸ್ತ್ರವನ್ನು ಬಿಡಬಾರದು. ರಸಾಯನವಿದ್ದರೆ ನೀರು, ಗಾಳಿ, ಔಷಧ, ಆಹಾರ ಯಾವ ಪ್ರಯೋಗಾಲಯದಲ್ಲಾದರೂ ಕೆಲಸವುಂಟು, ಶಾಲಾ ಶಿಕ್ಷಕಿಯಾಗುವ ದಾರಿಯೂ ಉಳಿಯುತ್ತದೆ, ಅರಣ್ಯ ಸೇವೆಯ ಅರ್ಹತೆಯೂ ಸಿಗುತ್ತದೆ. ಸ್ನಾತಕೋತ್ತರ ಪದವಿಯ ಹಂತದಲ್ಲಿ ಪರಿಸರ ವಿಜ್ಞಾನಕ್ಕೆ ಪೂರ್ತಿಯಾಗಿ ಬರಬಹುದು. ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಈ ವಿಷಯವಿದೆ; ಗೇಟ್ ಪರೀಕ್ಷೆಯಲ್ಲೂ 2021ರಿಂದ ಪರಿಸರ ವಿಜ್ಞಾನ ಮತ್ತು ಇಂಜಿನಿಯರಿಂಗ್ ಎಂಬ ಪ್ರತ್ಯೇಕ ಪತ್ರಿಕೆ ಇದೆ. ರಜೆಯಲ್ಲಿ ನಕ್ಷೆ ತಯಾರಿಸುವ ಜಿ.ಐ.ಎಸ್. ಕಲಿಯಲಿ, ಅದಕ್ಕೆ ಉಚಿತ ತಂತ್ರಾಂಶವೇ ಲಭ್ಯವಿದೆ. ಜಲ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, ಈ ಮೂರನ್ನು ಗೈಡ್‌ನಲ್ಲಿ ಅಲ್ಲ, ಮೂಲದಲ್ಲಿಯೇ ಓದಲಿ.

ಸರಕಾರದ ಮುಂದೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಅರಣ್ಯ ಸೇವೆಯ ಅರ್ಹತಾ ಪಟ್ಟಿಗೆ ಪರಿಸರ ವಿಜ್ಞಾನ ಎಂಬ ಎರಡು ಪದಗಳನ್ನು ಸೇರಿಸಲಿ. ಅದಕ್ಕೆ ಬಜೆಟ್ ಬೇಕಾಗಿಲ್ಲ. ಕಡ್ಡಾಯ ಪತ್ರಿಕೆಯನ್ನು ಆ ವಿಷಯ ಓದಿದವರಿಂದಲೇ ಬೋಧಿಸುವ ನಿಯಮ ತರಲಿ, ನೂರಾರು ಮಂದಿಗೆ ಗೌರವದ ಅನ್ನ ಸಿಗುತ್ತದೆ. ಮೌಲ್ಯಮಾಪನ ವರದಿಯ ಹಣ ಯೋಜನೆಯ ಮಾಲಕನಿಂದ ಸರಕಾರದ ನಿಧಿಗೆ ಬಂದು ಅಲ್ಲಿಂದ ಸಲಹಾ ಸಂಸ್ಥೆಗೆ ಹೋಗಲಿ. ಮೂರನೆಯದು ಆಗಲಿಕ್ಕಿಲ್ಲ ಎಂದು ನಮಗೆ ಗೊತ್ತು. ಮೊದಲನೆಯದು ಯಾಕೆ ಆಗಿಲ್ಲವೆಂದು ನಮ್ಮ ಸಂಸದರು ಉತ್ತರಿಸಬೇಕು.

ಆ ತಂದೆಗೆ ಇದನ್ನೆಲ್ಲ ಹೇಳಿ ಮುಗಿಸುವಾಗ ಸಂಜೆಯಾಗಿತ್ತು. ಅವರು ಸುಮ್ಮನೆ ಕೇಳುತ್ತಿದ್ದರು. ಅರಣ್ಯ ಸೇವೆಯಾಗಲಿ ಗೇಟ್ ಪರೀಕ್ಷೆಯಾಗಲಿ ಅವರ ಮುಖದಲ್ಲಿ ಏನನ್ನೂ ಬದಲಿಸಲಿಲ್ಲ. ಬ್ಯಾಟರಿಯ ನಿಯಮದ ಮಾತು ಬಂದಾಗ ಮಾತ್ರ ಮುಂದಕ್ಕೆ ಬಾಗಿದರು. "ಸರ್, ಆ ನೋಂದಣಿ ಅಂದ್ರಲ್ಲ, ಅದರ ಅರ್ಜಿ ನನ್ನ ಮಗಳು ಈಗಲೇ ತುಂಬಬಹುದಾ, ಇಲ್ಲಾ ಓದು ಮುಗಿಬೇಕಾ?" ಎಂದರು. ಈಗಲೇ ಓದಿ ನೋಡಬಹುದು ಎಂದೆವು. ಮರುದಿನ ಅವರು ಮಗಳನ್ನು ಕರೆದುಕೊಂಡು ಬಂದರು. ಸೀಟು ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪರಿಸರ ವಿಜ್ಞಾನದ ಗುಂಪಿನಲ್ಲಿ ಸಿಕ್ಕಿತ್ತು.